ಕಾಶವ್ವ ಕೆಲಸ ಬಿಟ್ಟ ಸುಗ್ಗಿ

ಆಗೆಲ್ಲ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ನಮ್ಮ ಕಡೆ ಯಾರ ಕಣ್ಣು ಕೆಂಪಾಗಿದ್ದರೂ ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಅತ್ತವರಿಗೂ, ನಿದ್ದೆಗೆಟ್ಟವರಿಗೂ, ಗಂಡನ ಜೊತೆ ಜಗಳ ಮಾಡಿಕೊಂಡು ಬಂದವರಿಗೂ ಒಂದೇ ನೆಪ ಸಿಗುತ್ತಿತ್ತು, ಘಾಟು. ಶಾಲೆಯಲ್ಲಿ ಅಕ್ಕೋರು ಲೆಕ್ಕ ಹೇಳುತ್ತ ಹೇಳುತ್ತ ಸೀನುವರು, ಹಿಂದೆಯೇ ಇಡೀ ವರ್ಗ ಸೀನುವುದು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದ ಅಪ್ಪಾಜಿ ಸಂಜೆ ಹಾವೇರಿಯ ಮನೆಗೆ ಬಂದು ಅಂಗಿ ಝಾಡಿಸಿದರೆ ಪಡಸಾಲೆಯಲ್ಲಿ ಮಲಗಿದ್ದ ಬೆಕ್ಕು ಕೂಡ ಎದ್ದು ಹೊರಗೆ ಹೋಗುತ್ತಿತ್ತು. ನಿಮ್ಮಲ್ಲಿ ಯಾರಾದರೂ ಆ ಸೀಮೆಯಲ್ಲಿ ಬೆಳೆದಿದ್ದರೆ ಆ ವಾಸನೆ ಈಗಲೂ ಮೂಗಿನಲ್ಲಿ ಇರುತ್ತದೆ. ನನಗೂ ಇದೆ. ಆದರೆ ಅದು ನೆನಪಾದಾಗ ನನಗೆ ಖುಷಿಯಾಗುವುದಿಲ್ಲ.

ನಾನು ಆಗ ನಾಲ್ಕನೇ ಇಯತ್ತೆ. ಮನೆಯಲ್ಲಿ ಅಪ್ಪಾಜಿ, ಅವ್ವ, ಅಪ್ಪಾಜಿಯ ತಾಯಿಯಾದ ಆಯಿ, ಇನ್ನೂ ಮದುವೆಯಾಗದ ಕಾಕಾ ಮತ್ತು ನಾನು. ಕಾಕಾ ಅಪ್ಪಾಜಿಯ ತಮ್ಮ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಹಾಕಿದ್ದ. ಬೆಳಿಗ್ಗೆ ಮೋಟಾರ್ ಸೈಕಲ್ ಮೇಲೆ ಹೋಗುವನು, ಮನಸ್ಸಿಗೆ ಬಂದರೆ ಮಧ್ಯಾಹ್ನವೇ ಮರಳಿ ಬರುವನು. ಊರಿಗೆಲ್ಲ ಬೇಕಾದ ಮನುಷ್ಯ. ಬರುವಾಗ ಎಣ್ಣೆ ಒಸರುವ ಪೇಪರಿನಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುತ್ತಿದ್ದ. ನಮ್ಮ ಶಾಲೆಯ ಹೆಡ್ ಮಾಸ್ತರರು ನಡೆಯುವ ಹಾಗೆ ನಡೆದು ತೋರಿಸುತ್ತಿದ್ದ, ಆಯಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಓಣಿಯ ಹುಡುಗರಿಗೆಲ್ಲ ನನಗೆ ಅಂಥ ಕಾಕಾ ಇದ್ದಾನೆಂದು ಹೊಟ್ಟೆಕಿಚ್ಚು. ನನಗೂ ಅದೇ ಜಂಬ.

ಕಾಶವ್ವ ದಿನಾ ಅಗಡಿಯಿಂದ ಬೆಳಗಿನ ಟೆಂಪೋದಲ್ಲಿ ಬರುತ್ತಿದ್ದಳು. ಕಸ, ಮುಸುರಿ, ಬಟ್ಟೆ ಎಲ್ಲ ಅವಳದೇ. ಸುಗ್ಗಿಯಲ್ಲಿ ಮಾತ್ರ ಇನ್ನೊಂದು ಕೆಲಸ ಕೂಡಿಕೊಳ್ಳುತ್ತಿತ್ತು. ವರ್ಷದ ಮಸಾಲಿ ಖಾರ ಕುಟ್ಟಿಸಲು ಅಪ್ಪಾಜಿ ಪೇಟೆಯಿಂದ ಆರಿಸಿ ತಂದ ಮೆಣಸಿನಕಾಯಿಯನ್ನು ಮಾಳಿಗೆಯ ಮೇಲೆ ಒಣಗಿಸಿ ತುಂಬು ಬಿಡಿಸಬೇಕು. ತುಂಬು ಬಿಡಿಸುವುದೆಂದರೆ ಒಂದೊಂದೇ ಕಾಯಿಯ ತೊಟ್ಟು ಮುರಿಯುವುದು. ಮಾಡಿದವರಿಗೆ ಗೊತ್ತು, ಎರಡು ತಾಸು ಕೂತರೆ ಅಂಗೈ ಉರಿಯುತ್ತದೆ, ಆ ಕೈ ಆಮೇಲೆ ಎಲ್ಲಿ ತಾಗಿದರೂ ಉರಿಯುತ್ತದೆ.

ಕಾಶವ್ವನಿಗೆ ದೊಡ್ಡ ಬಾಯಿ. ಸಾಬೂನು ಲಗೂ ಸವೆಯಿತೆಂದು ಆಯಿ ಗೊಣಗಿದರೆ, "ನಾ ಏನ ರೊಟ್ಟಿಗೆ ಹಚ್ಕೊಂಡ ತಿಂದ್ನೇನ್ರೀ ಆಯಾರ?" ಎಂದು ಅಲ್ಲೇ ತಿರುಗಿಸುವಳು. ಹಾಗೆಂದು ಆಯಿಯ ಕಾಲು ತಿಕ್ಕಲು ಅವಳೇ ಬೇಕು. ನನ್ನ ತಲೆಯ ಹೇನು ತೆಗೆಯುವವಳೂ ಅವಳೇ, ಗಜ್ಜುಗದ ಆಟದಲ್ಲಿ ನನ್ನನ್ನು ಮೋಸ ಮಾಡಿ ಸೋಲಿಸುವವಳೂ ಅವಳೇ. ನನ್ನನ್ನು "ಸಣ್ಣವ್ವ" ಎನ್ನುತ್ತಿದ್ದಳು. ಕಟಕ ರೊಟ್ಟಿಗೆ ಕೆಂಪು ಮೆಣಸಿನಕಾಯಿ ಅರೆದ ರಂಜಕ ಹಚ್ಚಿ, ಮೇಲೆ ಬೆಣ್ಣೆ ಸವರಿ, ಮುರಿದು ಬಾಯಿಗಿಡುತ್ತಿದ್ದಳು. ಖಾರಕ್ಕೆ ನಾನು ಕುಣಿದರೆ ಅವಳಿಗೆ ನಗು.

ಆ ವರ್ಷದ ಸುಗ್ಗಿಯಲ್ಲಿ ಅವಳ ಬಾಯಿ ಕಡಿಮೆಯಾಯಿತು. ದೊಡ್ಡವರ ಕಣ್ಣಿಗೆ ಅದು ಬೀಳಲಿಲ್ಲ. ಕಡಿಮೆ ಮಾತಾಡುವ ಕೆಲಸದವಳ ಮೇಲೆ ಯಾರಿಗೆ ತಕರಾರು? ನನಗೆ ಮಾತ್ರ ಗೊತ್ತಾಗಿತ್ತು, ಯಾಕೆಂದರೆ ಅವಳು ನನ್ನನ್ನು ಬಿಡುತ್ತಲೇ ಇರಲಿಲ್ಲ. ರಜೆಯ ದಿನ ನಾನು ಕುಂಟಲಿಪಿ ಆಡಲು ಹೊರಟರೆ ಮಾಳಿಗೆಯಿಂದ ಕೂಗುವಳು.

"ಸಣ್ಣವ್ವ, ಪುಸ್ತಕ ತಗೊಂಡ ಬಾ. ಇಲ್ಲೇ ನನ್ನ ಬಾಜೂಕ ಕುಂತ ಓದು."

"ಬಿಸಿಲ ಐತಿ."

"ಸೆರಗ ಹೊಚ್ಚಿ ನೆಳ್ಳ ಮಾಡ್ತೇನಿ. ಬಾ ನನ್ನವ್ವ."

ಓಣಿಯ ತಿರುವಿನಲ್ಲಿ ಮೋಟಾರ್ ಸೈಕಲ್ಲಿನ ಸದ್ದು ಕೇಳಿದರೆ ಅವಳ ಕೈ ನಿಲ್ಲುತ್ತಿತ್ತು. ಮುರಿಯಬೇಕಾದ ಕಾಯಿ ಹಾಗೇ ಬೆರಳಲ್ಲಿ ಉಳಿಯುತ್ತಿತ್ತು. ಸದ್ದು ಮುಂದೆ ಹೋಯಿತೆಂದರೆ ಮತ್ತೆ ಶುರು. ನಮ್ಮ ಬಾಗಿಲಲ್ಲಿ ನಿಂತಿತೆಂದರೆ ಕೆಲಸ ಅರ್ಧಕ್ಕೆ ಬಿಟ್ಟು ಇಳಿದು, ಅವ್ವ ಇದ್ದಲ್ಲಿಗೆ ಹೋಗಿ ನಿಲ್ಲುತ್ತಿದ್ದಳು. "ಹೊತ್ತ ಏರೂದರಾಗ ಕೆಲಸಾ ಬಿಟ್ಟ ಕೆಳಗ ಇಳೀತಾಳ, ಮೈಗಳ್ಳಿ" ಎಂದು ಆಯಿ ಬೈಯುತ್ತಿದ್ದಳು. ಕಾಶವ್ವ ತಿರುಗಿಸಿ ಮಾತಾಡಲಿಲ್ಲ. ಆಯಿಗೆ ಅದು ತನ್ನ ಗೆಲುವು ಅನಿಸಿತು.

ಒಂದು ಶನಿವಾರ ಅವ್ವ, ಆಯಿ ಇಬ್ಬರೂ ಹಿಂದಿನ ಓಣಿಗೆ ನಿಶ್ಚಯ ಕಾರ್ಯಕ್ಕೆ ಹೋಗಿದ್ದರು. ನನಗೆ ಬೆಳಗಿನ ಶಾಲೆ. ಬಿಸಿಲು ಏರುವ ಹೊತ್ತಿಗೆ ಮನೆಗೆ ಬಂದೆ. ಮುಂಬಾಗಿಲು ಹಾರು ಹೊಡೆದಿತ್ತು, ಅದರಲ್ಲೇನೂ ವಿಶೇಷವಿಲ್ಲ. ಹಗಲು ಹೊತ್ತು ಚಿಲಕ ಹಾಕುವ ಮನೆ ನಮ್ಮ ಓಣಿಯಲ್ಲಿ ಇರಲಿಲ್ಲ. ಹಿತ್ತಲಿನಲ್ಲಿ ನಲ್ಲಿ ಸುರಿಯುತ್ತಿತ್ತು. ಸಾಬೂನು ಹಚ್ಚಿದ ಪಾತ್ರೆಗಳು ತೊಳೆಯದೆ ಬಿದ್ದಿದ್ದವು, ನೊರೆ ಒಣಗಿ ಬೆಳ್ಳಗಾಗಿತ್ತು. ಬಾಗಿಲ ಪಕ್ಕದಲ್ಲಿ ಕಾಶವ್ವನ ಚಪ್ಪಲಿ ಇದ್ದವು. ಮಾಳಿಗೆಯ ಮೆಟ್ಟಿಲಿನ ಮೇಲೆ ಮೇಲಿನಿಂದ ಕೆಳಗಿನವರೆಗೆ ಮೆಣಸಿನಕಾಯಿ ಚೆಲ್ಲಿತ್ತು, ತುಳಿದು ಪುಡಿಯಾಗಿ ಬೀಜ ಹೊರಗೆ ಬಂದಿತ್ತು. ಬರಿಗಾಲಲ್ಲಿ ಆ ಮೆಟ್ಟಿಲು ಇಳಿದವರ ಕಾಲು ಏನಾಗಿರಬೇಕೆಂದು ನನಗೆ ಆಗಲೇ ಅನಿಸಿತು.

"ಕಾಶವ್ವ!" ಎಂದು ಕೂಗಿದೆ. ಬಚ್ಚಲಿನಿಂದ ಕಾಕಾನ ದನಿ ಬಂತು.

"ಸುಮಿ, ಹಾಲ ತಗೊಂಡ ಬಾ. ಲಗೂ!"

ಕಾಕಾ ಬಗ್ಗಿ ಮುಖಕ್ಕೆ ನೀರು ಸುರಿದುಕೊಳ್ಳುತ್ತಿದ್ದ. ಎಡಗಣ್ಣು ಬಾತು ಮುಚ್ಚಿಹೋಗಿತ್ತು, ರೆಪ್ಪೆ ಹಸಿ ಮಾಂಸದ ಹಾಗೆ ಕಾಣುತ್ತಿತ್ತು. ನಾನು ಹೆದರಿ ಓಡಿ ಹಾಲು ತಂದೆ, ಅರಳೆ ಅದ್ದಿ ಅದ್ದಿ ಕಣ್ಣಿನ ಮೇಲೆ ಇಟ್ಟೆ. ಉರಿಯದಿರಲೆಂದು ಬಾಯಿಂದ ಊದಿದೆ.

"ಕಾಶವ್ವ ಎಲ್ಲಿ ಕಾಕಾ?"

"ನನಗೇನ ಗೊತ್ತು. ಹೋಗಿರಬೇಕು." ಸ್ವಲ್ಪ ಹೊತ್ತಿನ ಮೇಲೆ, "ಮಾಳಿಗಿಗೆ ಮಂಗ್ಯಾ ಬಂದಿದ್ವು. ಓಡಸಾಕ ಹೋದ್ನಿ, ಘಾಟ ಹತ್ತಿಬಿಡ್ತು" ಎಂದ.

ಆಯಿ ಬಂದ ಮೇಲೆ ಅವಳಿಗೂ ಅದನ್ನೇ ಹೇಳಿದ. ಆಯಿ ಮಗನ ಕಣ್ಣಿಗೆ ಬೆಣ್ಣೆ ಹಚ್ಚುತ್ತ, "ಅಲ್ಲೋ, ಮಂಗ್ಯಾ ಮೆಣಸಿನಕಾಯಿಗೆ ಯಾಕ ಬರ್ತಾವ?" ಎಂದು ಒಂದು ಸಲ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಸುಗ್ಗಿಯ ಕಾಲ, ಮನೆಯಲ್ಲಿ ಎಲ್ಲರ ಕಣ್ಣೂ ಕೆಂಪೇ ಇದ್ದವು. ಅವ್ವ ಮೆಟ್ಟಿಲು ಗುಡಿಸಿ, ಪಾತ್ರೆ ತೊಳೆದು, ಕಾಶವ್ವನ ಚಪ್ಪಲಿಯನ್ನು ಎತ್ತಿ ಗೋಡೆಗೆ ಒರಗಿಸಿ ಇಟ್ಟಳು.

ಮರುದಿನ ಕಾಶವ್ವ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೆಲಸದವಳು ಹೇಳದೆ ಕೇಳದೆ ಬಿಟ್ಟರೆ ಮನೆಯೊಡತಿಯರು ಏನೇನು ಮಾಡುತ್ತಾರೋ ಅದನ್ನೆಲ್ಲ ನಮ್ಮ ಮನೆಯವರೂ ಮಾಡಿದರು. ಮೊದಲು ಆಯಿ ದೇವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಬೆಳ್ಳಿ ಸಾಮಾನು ಎಣಿಸಿದಳು. ದೀಪದ ಸಮೆ, ಗಿಂಡಿ, ತೌರಿನಿಂದ ತಂದ, ಅರಿಷಿಣ ಕುಂಕುಮ ಇಡುವ ಬೆಳ್ಳಿಯ ಪಂಚಪಾಳ ಎಲ್ಲ ಇದ್ದ ಜಾಗದಲ್ಲೇ ಇದ್ದವು. ಹೊರಗೆ ಬಂದಾಗ ಆಯಿಯ ಮುಖ ಸಪ್ಪಗಿತ್ತು. ಏನಾದರೂ ಕಳೆದಿದ್ದರೆ ಆಕೆಗೆ ನೆಮ್ಮದಿಯಾಗುತ್ತಿತ್ತೇನೋ ಎಂದು ಈಗ ಅನಿಸುತ್ತದೆ.

"ಹಬ್ಬ ಹತ್ರ ಬಂದಾಗ ಹಿಂಗ ಮಾಡ್ತಾರ್ರೀ" ಎಂದು ಎದುರು ಮನೆಯ ನಿರ್ಮಲಕ್ಕ ಬುದ್ಧಿ ಹೇಳಿದಳು. "ಪಗಾರ ಏರ್ಸಾಕ ಹಿಕಮತ್ತು. ಸುಮ್ನ ಕುಂದರ್ರಿ, ತಾನ ಬರ್ತಾಳ."

ತಾನಾಗಿ ಬರಲಿಲ್ಲ. ಅವ್ವ ಟೆಂಪೋದವನ ಕೈಯಲ್ಲಿ ಹೇಳಿ ಕಳಿಸಿದಳು, ಮೈಯಲ್ಲಿ ಹುಷಾರಿಲ್ಲದಿದ್ದರೆ ದವಾಖಾನೆಗೆ ನಾವೇ ಕರೆದುಕೊಂಡು ಹೋಗುತ್ತೇವೆ ಎಂದು. "ಬರಂಗಿಲ್ಲಂತ ನೋಡ್ರಿ" ಎಂದಷ್ಟೇ ಉತ್ತರ ಬಂತು. ಯಾಕಂತೆ ಎಂದು ಅವ್ವ ಕೇಳಿದರೆ ಟೆಂಪೋದವನು ಎಕ್ಸಲರೇಟರ್ ಒತ್ತಿದ.

ಬೇರೆಯವಳನ್ನು ಹುಡುಕಿದರು. ಅಗಡಿ ಕಡೆಯಿಂದಲೇ ಒಬ್ಬಳು ಬಂದಳು. ಕಟ್ಟುಮಸ್ತಾದ ಹೆಂಗಸು. ಎಷ್ಟು ಪಾತ್ರೆ, ಎಷ್ಟು ಬಟ್ಟೆ ಎಂದು ಅವಳು ಕೇಳಲೇ ಇಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಮನೆಯನ್ನು ಸುತ್ತ ನೋಡಿದಳು.

"ಮನ್ಯಾಗ ಗಂಡಸರು ಯಾರ್ಯಾರ ಅದಾರ್ರಿ ಅಕ್ಕಾರ?"

"ನಮ್ಮವರು, ನಮ್ಮ ಮೈದುನ."

"ಹಗಲಿ ಯಾರ ಇರ್ತಾರ್ರಿ?"

"ನಮ್ಮವರು ಬ್ಯಾಡಗಿಗೆ ಹೋಗ್ತಾರ. ಮೈದುನ ಒಮ್ಮೊಮ್ಮೆ ಊಟಕ್ಕ ಬರ್ತಾನ. ಯಾಕವ್ವ?"

"ಏನಿಲ್ಲ್ರಿ, ಹಂಗ ಕೇಳ್ದೆ. ನಾಳಿ ಬರ್ತೇನ್ರಿ."

ನಾಳೆ ಎಂದವಳು ಬರಲಿಲ್ಲ. ಆಮೇಲೆ ಬಂದ ಇನ್ನೊಬ್ಬಳೂ ಇದನ್ನೇ ಕೇಳಿ, ಇದನ್ನೇ ಹೇಳಿ ಹೋದಳು. ಅವಳು ಹೋದ ಮೇಲೆ ಅವ್ವ ಕಂಬದ ಹತ್ತಿರವೇ ಬಹಳ ಹೊತ್ತು ನಿಂತಿದ್ದಳು. ಅನ್ನ ಸೀದ ವಾಸನೆ ಬಂದಾಗ ನಾನೇ ಹೋಗಿ ಎಚ್ಚರಿಸಬೇಕಾಯಿತು. ಅಗಡಿಯ ಟೆಂಪೋದಲ್ಲಿ ಹೆಂಗಸರು ನಮ್ಮ ಮನೆಯ ಬಗ್ಗೆ ಏನೋ ಮಾತಾಡಿಕೊಳ್ಳುತ್ತಿದ್ದಾರೆ, ಆ ಮಾತು ನಮಗೆ ಮಾತ್ರ ಗೊತ್ತಿಲ್ಲ ಎನ್ನುವುದು ನನ್ನಂಥ ಹುಡುಗಿಗೂ ತಿಳಿಯತೊಡಗಿತ್ತು. ಕಾಕಾ ಮಾತ್ರ ಆ ದಿನಗಳಲ್ಲಿ ಎಂದಿಗಿಂತ ಹೆಚ್ಚು ನಗಿಸುತ್ತಿದ್ದ. ಭಜಿಯ ಪೊಟ್ಟಣ ಎರಡೆರಡು ಬರುತ್ತಿದ್ದವು.

"ಬಿಡ್ರಿ ವೈನಿ, ಆಕಿ ಕೈಯರ ಎಲ್ಲಿ ಸ್ವಚ್ಛ ಇತ್ತು" ಎಂದು ಒಂದು ದಿನ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದ. ಅವ್ವ ರೊಟ್ಟಿ ಬಡಿಸುತ್ತಿದ್ದವಳು ಅವನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಕಾಶವ್ವನ ಕೈಯ ಬಗ್ಗೆ ಯಾರೂ ಹಾಗೆ ಅಂದಿರಲಿಲ್ಲ, ಆಯಿ ಕೂಡ.

ಉಡಿಯ ಮಾತು ತೆಗೆದವಳು ಆಯಿಯೇ. ನಮ್ಮ ಕಡೆ ಮುತ್ತೈದೆಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಕುಪ್ಪಸದ ಖಣ ಹಾಕಿ ಉಡಿ ತುಂಬಿದರೆ ಅಲ್ಲಿಗೆ ಎಲ್ಲ ಸಿಟ್ಟೂ ಮುಗಿಯಬೇಕು. ನಾದಿನಿ ಅತ್ತಿಗೆ ಮಾತು ಬಿಟ್ಟಿದ್ದರೂ ಉಡಿ, ಬೀಗರು ಮುನಿಸಿಕೊಂಡಿದ್ದರೂ ಉಡಿ. ಒಡ್ಡಿದ ಸೆರಗನ್ನು ಹಿಂದಕ್ಕೆ ತೆಗೆದುಕೊಂಡ ಹೆಂಗಸನ್ನು ಯಾರೂ ಕಂಡಿರಲಿಲ್ಲ. ಅದು ಕೊಡುವವರಿಗೂ ಕೇಡು, ಒಡ್ಡಿದವರಿಗೂ ಕೇಡು.

"ನಮ್ಮನಿ ಅನ್ನ ಉಂಡ ಮುತ್ತೈದಿ ಬರಿಗಾಲಿಲೆ ಹೊಸ್ತಿಲಾ ದಾಟಿ ಹೋಗ್ಯಾಳ" ಎಂದಳು ಆಯಿ. "ಮನಿಗೆ ಚೊಲೋ ಅಲ್ಲ. ಹೋಗಿ ಉಡಿ ತುಂಬಿ, ಚಪ್ಪಲಿ ಕೊಟ್ಟು ಬಾ. ಬರೂದಿದ್ರ ಅಷ್ಟಕ್ಕ ಬರ್ತಾಳ."

ಅಪ್ಪಾಜಿಗೆ ಪೇಟೆ ಬಿಡಲಾಗದು. ಮನೆಯಲ್ಲಿ ಹಳೆಯ ಮಾರುತಿ ವ್ಯಾನ್ ಇತ್ತು. "ತಮ್ಮಾ, ನಿಮ್ಮ ವೈನಿನ್ನ ಅಗಡಿಗೆ ಕರಕೊಂಡ ಹೋಗಿ ಬಾ" ಎಂದು ಕಾಕಾನಿಗೆ ಹೇಳಿಹೋದರು. ಕಾಕಾ ಅಂಗಡಿಗೆ ಮಾಲು ಬರುವುದಿದೆ ಎಂದ, ವ್ಯಾನಿನ ಟಾಯರ್ ಸರಿಯಿಲ್ಲ ಎಂದ, ತಲೆನೋವೂ ಬಂತು. ಆಯಿ ಗದರಿದ ಮೇಲೆ ಹೊರಟ. ಮುಂದಿನ ಸೀಟಿನಲ್ಲಿ ಕಾಕಾನ ಪಕ್ಕದಲ್ಲಿ ನಾನು ಕುಣಿಯುತ್ತ ಕೂತೆ. ಹಿಂದೆ ಅವ್ವ, ತೊಡೆಯ ಮೇಲೆ ಉಡಿಯ ತಾಟು, ಕಾಲ ಬಳಿ ಪೇಪರಿನಲ್ಲಿ ಸುತ್ತಿದ ಚಪ್ಪಲಿ.

ಕಾಶವ್ವನ ಮನೆ ಊರ ಒಳಗೆ. ಕಾಕಾ ಅಷ್ಟು ದೂರದಲ್ಲೇ ಬೇವಿನ ಮರದ ಕೆಳಗೆ ವ್ಯಾನ್ ನಿಲ್ಲಿಸಿ, "ನಾ ಇಲ್ಲೇ ಕುಂತಿರ್ತೇನಿ, ನೀವ ಹೋಗಿ ಬರ್ರಿ" ಎಂದ. ಮನೆಯ ಕಟ್ಟೆಯ ಮೇಲೆ ಕಾಶವ್ವನ ಗಂಡ ಬಸಪ್ಪ ಹಗ್ಗ ಹೊಸೆಯುತ್ತಿದ್ದ. ಮೆತ್ತಗಿನ ಮನುಷ್ಯ. ಅವ್ವನನ್ನು ಕಂಡು ಎದ್ದು ನಿಂತ.

"ಬರ್ರಿ ಅಕ್ಕಾರ. ಆಕಿ ಏನೂ ಬಾಯಿ ಬಿಡವಲ್ಲಳ್ರಿ. ಒಬ್ಬಾಕಿನ ಅಡವ್ಯಾಗ ಕೆಲಸಾ ಮಾಡೋಕಿ, ಈಗ ನೀರ ತರಾಕ ಹೋಗೂದಂದ್ರೂ ನನ್ನ ಕರೀತಾಳ" ಎಂದ.

ಒಳಗಿನಿಂದ ಕಾಶವ್ವ ಬಂದಳು. ಬಡವಾಗಿದ್ದಳು. ನನ್ನನ್ನು ನೋಡಿದ್ದೇ ಓಡಿ ಬಂದು ಎದೆಗೆ ಅವಚಿಕೊಂಡು ನನ್ನ ಮುಖ, ಕೈ, ಬೆನ್ನು ಎಲ್ಲ ತಡವಿ ನೋಡಿದಳು, ಬಿದ್ದು ಪೆಟ್ಟಾದ ಮಕ್ಕಳನ್ನು ನೋಡುವ ಹಾಗೆ. "ಆರಾಮ ಅದೀ ಇಲ್ಲೋ ಸಣ್ಣವ್ವ? ಖರೇ ಹೇಳು, ಆರಾಮ ಅದೀ?" ಎಂದು ಎರಡು ಮೂರು ಸಲ ಕೇಳಿದಳು. ನನಗೆ ನಗು ಬಂತು. ಅವ್ವ ನಗಲಿಲ್ಲ.

ಅವ್ವ ಕೇಳಿದಳು, "ನಮ್ಮಿಂದ ಏನರ ತಪ್ಪಾತೇನ ಕಾಶವ್ವ? ಆಯಾರು ಏನರ ಅಂದ್ರೇನು?"

"ನಿಮ್ಮಿಂದ ಏನೂ ಇಲ್ಲ್ರಿ ಅಕ್ಕಾರ."

"ಮತ್ತ ಯಾರಿಂದ?"

ಕಾಶವ್ವ ಕಣ್ಣೊರೆಸಿಕೊಂಡಳು. ಅವ್ವ ಒತ್ತಾಯ ಮಾಡಲಿಲ್ಲ. "ಆತು, ಬರೂದು ಬಿಡೂದು ನಿನಗ ಬಿಟ್ಟದ್ದು. ಉಡಿ ಅಂತೂ ಒಡ್ಡು" ಎಂದಳು. ಪಕ್ಕದ ಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಕಾಶವ್ವ ಮೊಣಕಾಲೂರಿ ಕೂತು ಸೆರಗು ಹರವಿದಳು. ಅವ್ವ ಅರಿಷಿಣ ಕುಂಕುಮ ಹಚ್ಚಿ ಮೊದಲ ಬೊಗಸೆ ಅಕ್ಕಿ ಹಾಕಿದಳು, ಎರಡನೆಯದು ಹಾಕಿದಳು.

ಅಷ್ಟರಲ್ಲಿ ಹಿಂದಿನಿಂದ ಕಾಕಾನ ದನಿ ಕೇಳಿತು. ಬಿಸಿಲಿಗೆ ಕೂತು ಬೇಸತ್ತನೋ, ನಾವು ಅಲ್ಲಿ ಏನು ಮಾತಾಡುತ್ತಿದ್ದೇವೆಂದು ತಡೆಯಲಾಗಲಿಲ್ಲವೋ, ಅಂಗಳದವರೆಗೆ ನಡೆದು ಬಂದಿದ್ದ.

"ವೈನಿ, ಮುಗೀತಿಲ್ಲೋ? ಲಗೂ ಬರ್ರಿ."

ಕಾಶವ್ವ ತಲೆಯೆತ್ತಿ ನೋಡಿದಳು. ಅವಳ ಕೈಯಿಂದ ಸೆರಗು ಜಾರಿತೆಂದು ನಾನು ಮೊದಲು ಅಂದುಕೊಂಡೆ. ಜಾರಲಿಲ್ಲ. ಅವಳು ಎದ್ದು ನಿಂತು, ಸೆರಗಿನ ಎರಡೂ ತುದಿ ಬಿಟ್ಟುಬಿಟ್ಟಳು. ಅಕ್ಕಿಯೆಲ್ಲ ಅಂಗಳಕ್ಕೆ ಸುರಿಯಿತು. ಬಾಗಿಲಲ್ಲಿ ನಿಂತ ಹೆಂಗಸರಲ್ಲಿ ಯಾರೋ "ಅಯ್ಯ ಶಿವನ" ಎಂದರು. ಬಸಪ್ಪನ ಕೈಯಲ್ಲಿದ್ದ ಹಗ್ಗ ಕೆಳಗೆ ಬಿತ್ತು.

"ಇಂವನ ಜೋಡಿ ಬಂದ ಉಡಿ ನನಗ ಬ್ಯಾಡ್ರಿ ಅಕ್ಕಾರ" ಎಂದಳು ಕಾಶವ್ವ. ದನಿ ಏರಿರಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೋಳಿಗಳು ಬಂದು ಅಕ್ಕಿ ಹೆಕ್ಕತೊಡಗಿದವು.

ಮರಳುವಾಗ ನಾನು ಮುಂದಿನ ಸೀಟಿಗೆ ಹತ್ತಲು ಹೋದೆ. ಅವ್ವ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡು ತೊಡೆಯ ಮೇಲೆ ಕೂರಿಸಿಕೊಂಡಳು. ಅಷ್ಟು ದೊಡ್ಡ ಹುಡುಗಿ ನಾನು, ನಾಚಿಕೆಯಾಯಿತು. ಬಿಡಿಸಿಕೊಳ್ಳಲು ನೋಡಿದೆ, ಅವ್ವ ಬಿಡಲಿಲ್ಲ. ವ್ಯಾನ್ ಹಾವೇರಿ ಹತ್ತಿರ ಬಂತು. ಆಗ ಅವ್ವ ಕಾಕಾನನ್ನು ಕೇಳಿದಳು.

"ಅವತ್ತ ನಿನ್ನ ಕಣ್ಣಿಗೆ ಏನಾಗಿತ್ತು?"

"ಘಾಟ ವೈನಿ. ಮಾಳಿಗಿ ಮ್ಯಾಲೆ..."

"ಘಾಟ ಎರಡೂ ಕಣ್ಣಿಗೆ ಹತ್ತತೈತಿ."

ಕಾಕಾ ಕನ್ನಡಿಯಲ್ಲಿ ಹಿಂದೆ ನೋಡಿದ. ಆ ಕನ್ನಡಿಯಲ್ಲಿ ಕಂಡ ಕಣ್ಣುಗಳು ಹೆಡ್ ಮಾಸ್ತರರ ನಡಿಗೆ ನಡೆದು ತೋರಿಸುವ ಕಾಕಾನವು ಆಗಿರಲಿಲ್ಲ. ನನಗೆ ಮೊಟ್ಟಮೊದಲ ಸಲ ಅವನ ಭಯವಾಯಿತು. ಯಾಕೆಂದು ಗೊತ್ತಿರಲಿಲ್ಲ, ಆದರೆ ಅವ್ವ ನನ್ನನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು.

ಮನೆಗೆ ಬಂದು ಅವ್ವ ನನಗೆ ತಲೆಗೆ ಎರೆದಳು. ಅದು ಎರೆಯುವ ವಾರವಲ್ಲ. ಬಚ್ಚಲಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಸೀಗೆಪುಡಿ ತಿಕ್ಕುತ್ತ, "ಕಾಕಾ ನಿನಗ ಯಾವತ್ತರ..." ಎಂದು ನಿಲ್ಲಿಸಿದಳು.

"ಏನವ್ವ?"

"ನೀ ಒಬ್ಬಾಕಿನ ಇದ್ದಾಗ ಏನರ ಅಂದಾನೇನು?"

"ಭಜಿ ತಿಂತೀಯೇನು ಅಂತಾನ."

ಅವ್ವ ನನ್ನ ಎಣ್ಣೆ ತಲೆಯನ್ನು ಹಾಗೇ ಎದೆಗೆ ಒತ್ತಿಕೊಂಡಳು. ಸೀರೆಯೆಲ್ಲ ನೊರೆಯಾಯಿತು. ಮರುದಿನ ಬಡಿಗೇರ ಬಂದು ಬಚ್ಚಲಿಗೆ, ಮಾಳಿಗೆಯ ಬಾಗಿಲಿಗೆ, ನಾವು ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಜಡಿದುಹೋದ.

ಅಂದು ಸಂಜೆ ಅಪ್ಪಾಜಿ ಪೇಟೆಯಿಂದ ಬಂದ ಕೂಡಲೇ ಅವ್ವ ಅವರನ್ನು ಕೋಣೆಗೆ ಕರೆದಳು. ಹೊರಗೆ ಆಯಿ ಜಪಮಣಿ ಹಿಡಿದು ಕೂತಿದ್ದಳು, ಬೆರಳು ಆಡುತ್ತಿರಲಿಲ್ಲ. ಕಾಕಾ ಮನೆಯಲ್ಲಿರಲಿಲ್ಲ. ಅವ್ವನ ದನಿ ಏರುವುದು, ಅಪ್ಪಾಜಿ ಅದನ್ನು ತಗ್ಗಿಸುವುದು ಕೇಳುತ್ತಿತ್ತು. ನನಗೆ ಸರಿಯಾಗಿ ಕೇಳಿಸಿದ್ದು ಅಪ್ಪಾಜಿಯ ಒಂದೇ ಮಾತು, "ಹೊರಗ ಒಂದ ಮಾತ ಹೋದ್ರ ಮನಿ ಮುಳುಗಿತು ತಿಳ್ಕೋ." ಆಮೇಲೆ ಅವ್ವ ಅಳುವುದು ಕೇಳಿತು, ಅದೂ ನಿಂತಿತು.

ಕಾಕಾ ರಾಣೆಬೆನ್ನೂರಿನಲ್ಲೇ ಖೋಲಿ ಹಿಡಿದ. ದಿನಾ ಓಡಾಟ ಕಷ್ಟ, ವ್ಯಾಪಾರ ಜೋರಾಗಿದೆ ಎಂದು ಓಣಿಗೆಲ್ಲ ಹೇಳಿದ್ದಾಯಿತು. ಆದರೆ ಕಾಶವ್ವ ಯಾಕೆ ಬಿಟ್ಟಳು ಎಂಬುದಕ್ಕೂ ಒಂದು ಕಾರಣ ಬೇಕಿತ್ತು. ಅಗಡಿಯ ಅಂಗಳದಲ್ಲಿ ಅಕ್ಕಿ ಚೆಲ್ಲಿದ ಸುದ್ದಿ ಟೆಂಪೋ ಹತ್ತಿ ಹಾವೇರಿಗೆ ಬಂದಿತ್ತು. ಜನ ಕೇಳತೊಡಗಿದ್ದರು.

ಒಂದು ಮಧ್ಯಾಹ್ನ ನಿರ್ಮಲಕ್ಕ ಮತ್ತು ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಅವ್ವ ಒಳಗಿನಿಂದ ಚಹಾ ತಂದಳು. "ಏನಾಗಿತ್ರೀ ಖರೇ?" ಎಂದು ನಿರ್ಮಲಕ್ಕ ದನಿ ಇಳಿಸಿ ಕೇಳಿದಳು.

ಆಯಿ ನಿಟ್ಟುಸಿರು ಬಿಟ್ಟಳು. "ಏನಂತ ಹೇಳ್ಲೆವ್ವ. ನಮ್ಮ ತೌರಮನಿ ಬೆಳ್ಳಿ ಪಂಚಪಾಳ ಹೋತು. ಕೇಳಿದ್ದಕ್ಕ ಹಿಂಗ ಉಡಿ ಒಗದ ಬಿಟ್ಳು. ಕಳ್ಳರಿಗೆ ಸಿಟ್ಟ ಭಾಳ."

ಅಂದು ಬೆಳಿಗ್ಗೆ ಪೂಜೆಗೆ ಹೂ ಕೊಡುವಾಗ ಆ ಪಂಚಪಾಳವನ್ನು ನಾನೇ ನೋಡಿದ್ದೆ. ದೇವರ ಜಗಲಿಯ ಮೇಲೆ ಇತ್ತು. "ಆಯಿ, ಅದು..." ಎಂದೆ.

"ಸುಮಿ," ಎಂದಳು ಅವ್ವ, "ಒಳಗ ಹೋಗು."

ಅವ್ವ ಚಹಾದ ತಾಟು ಹಿಡಿದು ನಡುವೆಯೇ ನಿಂತಿದ್ದಳು. ಅವಳು ಏನೋ ಹೇಳುತ್ತಾಳೆಂದು ನಾನು ಬಾಗಿಲ ಹಿಂದೆ ನಿಂತು ಕಾದೆ. ನಿರ್ಮಲಕ್ಕನೂ ಅವ್ವನ ಕಡೆಗೇ ನೋಡುತ್ತಿದ್ದಳು. ಅವ್ವ ಒಬ್ಬೊಬ್ಬರಿಗೂ ಚಹಾ ಕೊಟ್ಟು, ಖಾಲಿ ತಾಟು ಎದೆಗೆ ಹಿಡಿದುಕೊಂಡು ಒಳಗೆ ಬಂದಳು.

ಓಣಿಯಲ್ಲಿ ಹುಟ್ಟಿದ ಮಾತಿಗೆ ಕಾಲು ಬೇಕಿಲ್ಲ. ಹಬ್ಬ ಬರುವಷ್ಟರಲ್ಲಿ ಹಾವೇರಿಯ ಯಾವ ಮನೆಯವರೂ ಕಾಶವ್ವನನ್ನು ಹಿತ್ತಲಿಗೆ ಬಿಟ್ಟುಕೊಳ್ಳದ ಹಾಗಾಯಿತು. ನಮಗೆ ದೂರದ ಊರಿನ ವಯಸ್ಸಾದ ಹೆಂಗಸೊಬ್ಬಳು ಸಿಕ್ಕಳು, ಕಿವಿ ಕೇಳುತ್ತಿರಲಿಲ್ಲ. ಆ ವರ್ಷದ ಮಸಾಲಿ ಖಾರ ಚೆನ್ನಾಗಿಯೇ ಆಯಿತು. ಅವ್ವ ಮಾತ್ರ ಆ ಡಬ್ಬಿ ಮುಗಿಯುವವರೆಗೆ ಖಾರ ಹಚ್ಚಿಕೊಳ್ಳದೆ ಮೊಸರು ರೊಟ್ಟಿ ಉಂಡಳು. ಆರೋಗ್ಯ ಸರಿಯಿಲ್ಲ ಎಂದು ಹೇಳುತ್ತಿದ್ದಳು.

ಈಗ ಆಯಿ ಇಲ್ಲ, ಅವ್ವನೂ ಇಲ್ಲ. ಕಾಕಾ ರಾಣೆಬೆನ್ನೂರಿನಲ್ಲಿ ದೊಡ್ಡ ಮನುಷ್ಯ. ಹೆಂ​ಡತಿ, ಮಕ್ಕಳು, ಎರಡಂತಸ್ತಿನ ಮನೆ. ನನ್ನ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಓಡಾಡಿ ಎಲ್ಲರಿಗೂ ಒತ್ತಾಯ ಮಾಡಿ ಬಡಿಸಿದವನು ಅವನೇ. ಇಡೀ ಬೀಗರ ಬಳಗ ಎಂಥ ಕಾಕಾ ಎಂದು ಹೊಗಳಿತು. ನನ್ನ ಗಂಡನ ಮನೆಯವರು ಹುಡುಗಿಗಿಂತ ಮೊದಲು ಮನೆತನ ವಿಚಾರಿಸುವ ಜನ. ನಮ್ಮ ಮನೆತನದ ಬಗ್ಗೆ ಅವರಿಗೆ ಎಲ್ಲಿಯೂ ಒಂದು ಕೆಟ್ಟ ಮಾತು ಸಿಗಲಿಲ್ಲ.

ಮೊನ್ನೆ ಸುಗ್ಗಿಯಲ್ಲಿ ಹಾವೇರಿ ಬಸ್ ನಿಲ್ದಾಣದಲ್ಲಿ ಬ್ಯಾಡಗಿ ಬಸ್ಸಿಗೆ ಕಾಯುವ ಹೆಂಗಸರ ನಡುವೆ ಕಾಶವ್ವ ಕೂತಿದ್ದಳು. ಪೇಟೆಗೆ ತುಂಬು ಬಿಡಿಸಲು ಹೋಗುವವರ ಗುಂಪು. ಮುಖ ಮಾಸಿತ್ತು, ಬೆರಳುಗಳು ಒಡೆದು ಕಪ್ಪಾಗಿದ್ದವು. ನಾನು ಹೋಗಿ ಪಕ್ಕದಲ್ಲಿ ಕೂತು ಹೆಸರು ಹೇಳಿದೆ. ಬಹಳ ಹೊತ್ತು ನೋಡಿದಳು.

"ಸಣ್ಣವ್ವ," ಎಂದಳು. "ನಿಮ್ಮವ್ವ ಹೋದ್ಲಂತ ಕೇಳಿದೆ. ಚೊಲೋ ಜೀವ."

ಚೊಲೋ ಎಂಬ ಮಾತು ನನಗೆ ತಡೆಯಲಾಗಲಿಲ್ಲ. "ಅವ್ವಗ ಎಲ್ಲಾ ಗೊತ್ತಿತ್ತು ಕಾಶವ್ವ. ಗೊತ್ತಿದ್ದೂ ಬಾಯಿ ಬಿಡಲಿಲ್ಲ" ಎಂದೆ.

"ನನಗ ಗೊತ್ತೈತಿ. ಆ ಮ್ಯಾಲೆ ಒಂದ ಸಲ ಬಂದಿದ್ಲು, ಒಬ್ಬಾಕಿನ, ಬಸ್ಸಿನ್ಯಾಗ. ಏನ ಬೇಕು ಕೇಳು ಅಂದ್ಲು. ನನಗೇನೂ ಬ್ಯಾಡ್ರಿ, ನಾ ಕಳ್ಳಿ ಅಲ್ಲ ಅಂತ ಓಣ್ಯಾಗ ಒಂದ ಮಾತ ಹೇಳ್ರಿ, ಸಾಕು ಅಂದೆ." ಕಾಶವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಅದೊಂದ ಮಾತ್ರ ಕೇಳಬ್ಯಾಡ ಅಂತ ಕಾಲ ಹಿಡಕೊಂಡ್ಲು. ನನಗೊಬ್ಬಾಕಿ ಮಗಳ ಅದಾಳ, ಇದು ಹೊರಗ ಬಿದ್ರ ನಾಳೆ ನಮ್ಮ ಮನಿ ಹೆಣ್ಣ ಯಾರ ಮಾಡ್ಕೊಂತಾರ ಅಂದ್ಲು. ನಿನ್ನ ಹೆಸರ ತಗದಮ್ಯಾಲೆ ನಾ ಏನ ಅನ್ಲಿ? ಆತು ಬಿಡ್ರಿ ಅಂದೆ."

ಬಸ್ಸು ಬಂದು ನಿಂತಿತು. ಹೆಂಗಸರೆಲ್ಲ ಬುತ್ತಿಗಂಟು ಹಿಡಿದು ಎದ್ದರು. ಸುಗ್ಗಿ, ಮಾಳಿಗೆ, ಚಿಲಕವಿಲ್ಲದ ಬಾಗಿಲು, ನಗಿಸುವ ಕಾಕಾ ಎಲ್ಲ ಹೋಯಿತೆಂದು ಇಷ್ಟು ವರ್ಷ ನಾನು ದುಃಖ ಮಾಡಿಕೊಂಡು ಕೂತಿದ್ದೆ. ಕಳೆದುಕೊಂಡವಳು ಕಾಶವ್ವ. ಅವಳು ಬಸ್ಸಿನ ಬಾಗಿಲ ಸರಳು ಹಿಡಿದು ಹಿಂದೆ ತಿರುಗಿದಳು. ಅವಳ ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅಷ್ಟೇ.

"ನಿನ್ನ ಮದಿವಿ ಚೊಲೋ ಮನಿತನಕ್ಕ ಆತಿಲ್ಲೋ, ಸಣ್ಣವ್ವ?"